ಎಜುಕೇಶನ್ ಲೋನ್ ಮನ್ನಾ ಆಗಿದೆಯಾ? ಫಾರ್ವರ್ಡ್ ಮಾಡುವ ಮುನ್ನ ಓದಿ

"ಎಜುಕೇಶನ್ ಲೋನ್ ಮನ್ನಾ, ಇನ್ನು ಕಂತು ಕಟ್ಟಬೇಡಿ" ಎಂಬಂಥ ಮೆಸೇಜು ದಾವಣಗೆರೆ, ಹರಿಹರದ ಫ್ಯಾಮಿಲಿ ಗ್ರೂಪುಗಳಿಗೂ ಬರುತ್ತದೆ. ನಿಜವಲ್ಲ. ಕೇಂದ್ರ ಸರ್ಕಾರ ದೇಶದಾದ್ಯಂತ ಶಿಕ್ಷಣ ಸಾಲದ ಅಸಲನ್ನು ಮನ್ನಾ ಮಾಡಿಲ್ಲ. ನಂಬಿ ಕಂತು ನಿಲ್ಲಿಸಿದರೆ ಬಡ್ಡಿ ಬೆಳೆಯುತ್ತದೆ, ಸಿಬಿಲ್ ಸ್ಕೋರ್ ಬೀಳುತ್ತದೆ. ಮಗನದ್ದಷ್ಟೇ ಅಲ್ಲ, ಜೊತೆಗೆ ಸಹಿ ಹಾಕಿದ ಅಪ್ಪನದ್ದೂ.

ಗೊಂದಲಕ್ಕೆ ಒಂದು ಕಾರಣ 'ರೈಟ್ ಆಫ್' ಎಂಬ ಪದ. ಅದು ಬ್ಯಾಂಕಿನ ಲೆಕ್ಕದ ಪುಸ್ತಕದ ಕೆಲಸ, ವಸೂಲಿ ನಿಲ್ಲುವುದಿಲ್ಲ. ಮನ್ನಾ ಎಂದರೆ ನಮ್ಮ ಬದಲು ಸರ್ಕಾರ ಬ್ಯಾಂಕಿಗೆ ಕಟ್ಟುವುದು. 2018ರಲ್ಲಿ ಕರ್ನಾಟಕ ಬೆಳೆಸಾಲಕ್ಕೆ ಮಾಡಿದ್ದು ಇದನ್ನೇ.

ಓದಿನ ಸಾಲಕ್ಕೂ ಮಾಡಬಾರದೇ? ಹೊರೆ ಇಳಿದರೆ ಯುವಕರು ಖರ್ಚು ಮಾಡುತ್ತಾರೆ, ಅಂಗಡಿ ಹಾಕುತ್ತಾರೆ, ವ್ಯಾಪಾರ ಬೆಳೆಯುತ್ತದೆ ಎನ್ನುತ್ತಾರೆ ಪರವಾಗಿರುವವರು. ಆದರೆ ಆ ಹಣ ತೆರಿಗೆಯದ್ದು. ಕಾಲೇಜು ಮೆಟ್ಟಿಲು ಹತ್ತದ ಹಮಾಲರೂ ಸೋಪು ಕೊಳ್ಳುವಾಗ ತೆರಿಗೆ ಕಟ್ಟಿರುತ್ತಾರೆ. ಬಂಗಾರ ಅಡವಿಟ್ಟು ಫೀಸು ತುಂಬಿದವರಿಗೆ ಬಿಡಿಗಾಸೂ ಸಿಗುವುದಿಲ್ಲ. ನಮಗೆ ತೂಕದ ಮಾತು ಇದೇ ಅನಿಸುತ್ತದೆ. ಅಮೆರಿಕದಲ್ಲಿ ಬೈಡನ್ ತಂದ ಮನ್ನಾ ಯೋಜನೆಯನ್ನು 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ರದ್ದು ಮಾಡಿತು.

ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಒಳಗಿದ್ದರೆ, ಅರ್ಹ ಕಾಲೇಜಿನ ವೃತ್ತಿಪರ ಕೋರ್ಸಿಗೆ ಓದುವ ಅವಧಿಯ ಬಡ್ಡಿಗೆ ಕೇಂದ್ರದ ಸಬ್ಸಿಡಿ ಇದೆ. ಲಿಂಕ್ ಒತ್ತಬೇಡಿ, ಸಾಲ ಕೊಟ್ಟ ಬ್ಯಾಂಕಿನಲ್ಲೇ ಕೇಳಿ.