ಕಣ್ಣಿಗೆ ಹಿತವಾಗಿ ಚಿತ್ರ ಕುಗ್ಗಿಸುವ ಬಗೆ

ಧರ್ಮಪುರಿ ಜಿಲ್ಲೆಯ ಪಾಪಿರೆಡ್ಡಿಪಟ್ಟಿಯಲ್ಲಿರುವ ನೆಂಟರು ಮನೆಯಂಗಳದ ಗ್ರೂಪ್ ಫೋಟೊವೊಂದನ್ನು ಮೊಬೈಲಿನಲ್ಲಿ ಕಳುಹಿಸಿದರೆನ್ನಿ. ಅದು ಕೈಯಿಂದ ಕೈಗೆ ದಾಟಿ ಕಾಸರಗೋಡಿಗೆ ತಲಪುವಾಗ ಹಿಂಬದಿಯ ಆಕಾಶದಲ್ಲಿ ಚೌಕುಳಿ ಎದ್ದಿರುವುದುಂಟು. ಕಾರಣವೇನು?

ಬೇಗ ಸಾಗಿಸುವುದಕ್ಕಾಗಿ ಚಿತ್ರದ ಗಾತ್ರವನ್ನು ಕುಗ್ಗಿಸುತ್ತಾರೆ. 1992ರಲ್ಲಿ ರೂಪುಗೊಂಡ ಜೆಪೆಗ್ ಕ್ರಮಕ್ಕೆ ಆಧಾರವಾದ ಗಣಿತವು 1974ರಲ್ಲಿ ಪ್ರಕಟವಾಯಿತು. ಅದನ್ನು ಮೊದಲು ಯೋಚಿಸಿದವರು ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಇಂಜಿನಿಯರಿಂಗ್ ಓದಿ ಅಮೆರಿಕಕ್ಕೆ ತೆರಳಿದ ನಾಸಿರ್ ಅಹ್ಮದ್, ಜತೆಗಿದ್ದವರು ಟಿ. ನಟರಾಜನ್ ಮತ್ತು ಕೆ. ಆರ್. ರಾವ್.

ಈ ಕ್ರಮದಲ್ಲಿ ಚಿತ್ರವನ್ನು 64 ಚುಕ್ಕೆಗಳ ಚೌಕಗಳಾಗಿ ವಿಂಗಡಿಸುತ್ತಾರೆ. ನಮ್ಮ ಕಣ್ಣು ಬೆಳಕು-ನೆರಳನ್ನು ಗುರುತಿಸಿದಷ್ಟು ಚೆನ್ನಾಗಿ ಬಣ್ಣದ ಸೂಕ್ಷ್ಮವನ್ನು ಗುರುತಿಸದು. ಆದುದರಿಂದ ಬಣ್ಣದ ವಿವರವನ್ನೂ ಅತಿ ಸಣ್ಣ ಏರಿಳಿತವನ್ನೂ ಮೊದಲು ಬಿಡುತ್ತಾರೆ. ಮಿತಿಮೀರಿ ಕುಗ್ಗಿಸಿದಾಗ ಚೌಕಗಳ ಅಂಚು ಗೆರೆಯಾಗಿ ಕಾಣುತ್ತದೆ.

ಇದಕ್ಕೆ ಉಪಾಯಗಳಿವೆ. ಗೆರೆಯ ಎರಡೂ ಬದಿಗಳನ್ನು ಹದವಾಗಿ ಬೆರೆಸುವುದು ಒಂದು. ನಯವಾದ ಜಾಗದ ಮೇಲೆ ನವಿರಾದ ಚುಕ್ಕೆ ಚೆಲ್ಲುವುದು ಇನ್ನೊಂದು. ನೇರ ಗೆರೆ ಕಣ್ಣಿಗೆ ಚುಚ್ಚುತ್ತದೆ. ಚದರಿದ ಚುಕ್ಕೆಯನ್ನು ಕಣ್ಣು ಸಹಿಸುತ್ತದೆ. ಪತ್ರಿಕೆಯ ಫೋಟೊ ಬರಿಯ ಚುಕ್ಕೆಗಳಿಂದಾದುದೆಂಬುದು ನಮ್ಮ ಗಮನಕ್ಕೇ ಬರುವುದಿಲ್ಲವಷ್ಟೆ.

ಆದರೆ ಈ ಉಪಾಯ ಮುಖಕ್ಕೆ ಸರಿ, ಅಕ್ಷರಕ್ಕೆ ಸಾಲದು. ಅಜ್ಜನ ಕನ್ನಡ ಕಾಗದದಲ್ಲೋ ಜಾಗದ ದಾಖಲೆಯಲ್ಲೋ ಒತ್ತಕ್ಷರ ಕರಗಿದರೆ ಹೆಸರೇ ಬದಲಾದೀತು. ಒಮ್ಮೆ ಬಿಟ್ಟ ವಿವರ ಮರಳಿ ಬಾರದು. ಅಂಥವನ್ನು ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದೇ ಕಳುಹಿಸಬೇಕು. ಮೂಲಪ್ರತಿಯನ್ನು ಜೋಪಾನವಾಗಿ ಇರಿಸಿಕೊಳ್ಳಬೇಕು.