ಶಂಕರಪುರದ ಮಲ್ಲಿಗೆ, ಎಲ್ಲೂರಿನ ಚಿಮಣಿ

ಕಾಪು ತಾಲೂಕಿನ ಶಂಕರಪುರದ ಸುತ್ತಮುತ್ತ, ಬೆಳಕು ಹರಿಯುವ ಹೊತ್ತಿಗೇ ಮನೆಮಂದಿಯೆಲ್ಲ ಹಿತ್ತಿಲಿನ ಗಿಡಗಳಿಂದ ಅರಳದ ಮೊಗ್ಗುಗಳನ್ನು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕದಲ್ಲಿ ಮಾರುವರು. ಅಟ್ಟೆಗೆ ಅಂದು ಗೊತ್ತಾದ ದರವೇ ಎಷ್ಟೋ ಸಂಸಾರಗಳ ಅಂದಿನ ಆಧಾರ. ಅದೇ ತಾಲೂಕಿನ ಎಲ್ಲೂರಿನಲ್ಲಿ ತಲಾ 600 ಮೆಗಾವಾಟಿನ ಎರಡು ಘಟಕಗಳುಳ್ಳ ಉಷ್ಣವಿದ್ಯುತ್ ಸ್ಥಾವರವು, ಪರದೇಶದಿಂದ ನವಮಂಗಳೂರು ಬಂದರಿಗೆ ಬಂದಿಳಿದ ಕಲ್ಲಿದ್ದಲನ್ನು ರೈಲಿನಲ್ಲಿ ತರಿಸಿಕೊಂಡು, ಕಡಲಿನ ನೀರಿನಿಂದ ತಣಿಸಿಕೊಂಡು, ವಿದ್ಯುತ್ತನ್ನು ಘಟ್ಟದ ಮೇಲೆ ಹಾಸನದ ಕಡೆಗೆ ಕಳುಹಿಸುವುದು. ಹಾರುಬೂದಿ ಗಿಡಗಳ ಮೇಲೆ ಕೂರುವುದು, ಬಾವಿಯ ನೀರು ಉಪ್ಪಾಗುವುದು ಎಂದು ನೆರೆಯ ಕೃಷಿಕರು ವರ್ಷಾನುಗಟ್ಟಲೆ ದೂರಿದ ಮೇಲೆ, 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಸ್ಥಾವರವು ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ತೆರಬೇಕೆಂದು ಆದೇಶಿಸಿತು.

ಇಂಥ ಚಿಮಣಿಗಳು ಉಗುಳುವ ಅನಿಲವನ್ನು ತಗ್ಗಿಸಲು, 2015ರ ಪ್ಯಾರಿಸ್ ಹವಾಮಾನ ಒಪ್ಪಂದದ ಮೇರೆಗೆ ಪ್ರತಿಯೊಂದು ರಾಷ್ಟ್ರವೂ ತನ್ನ ಗುರಿಯನ್ನು ತಾನೇ ಗೊತ್ತುಮಾಡಿಕೊಳ್ಳಬೇಕು. ಭಾರತದ ಗುರಿಯು 2005ಕ್ಕೆ ಹೋಲಿಸಿದರೆ ರಾಷ್ಟ್ರೋತ್ಪನ್ನದ ಪ್ರತಿ ರೂಪಾಯಿಗೆ ಹೊರಬೀಳುವ ಹಸಿರುಮನೆ ಅನಿಲವನ್ನು 2030ರೊಳಗೆ ಶೇಕಡಾ 45ರಷ್ಟು ತಗ್ಗಿಸುವುದು. ಇಲ್ಲಿ ತಗ್ಗುವುದು ಅನುಪಾತವೇ ಹೊರತು ಒಟ್ಟು ಅನಿಲವಲ್ಲ. ಉತ್ಪನ್ನವು ಅದಕ್ಕಿಂತ ವೇಗವಾಗಿ ಬೆಳೆದರೆ ಅನಿಲವೂ ಹೆಚ್ಚಬಲ್ಲದು. 2025ರ ವೇಳೆಗೆ ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ತೈಲ, ಅನಿಲಗಳಿಂದ ಮುಕ್ತವಾಯಿತಾದರೂ, ಸೂರ್ಯ ಮುಳುಗಿದ ಮೇಲೆ ದೇಶವು ಬಹುಮಟ್ಟಿಗೆ ಕಲ್ಲಿದ್ದಲನ್ನೇ ನಂಬಿರುವುದು. ರಾಷ್ಟ್ರದ ಲೆಕ್ಕಪುಸ್ತಕದಲ್ಲಿ ಎಲ್ಲೂರಿನ ಬಾವಿಗೆ ಅಂಕಣವಿಲ್ಲ. ಈ ಗುರಿಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಕೊರತೆಯಾಗಿ ಕಾಣುವುದು ಇದೇ.

ಆದರೂ, ಆ ಒಪ್ಪಂದಕ್ಕೂ ಮೊದಲೇ ಇಂಥ ಗುರಿಯು ಮನೆಬಾಗಿಲಿಗೆ ಬಂದ ಒಂದು ನಿದರ್ಶನವು ನಮ್ಮ ಮಣಿಪಾಲದಲ್ಲಿಯೇ ಇದೆ. 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಬಡವರ ದಿನದ ಪುಡಿಕಾಸನ್ನು ಮನೆಮನೆಯಿಂದ ಕೂಡಿಸಿದ ಮಣಿಪಾಲದ ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕಿನೊಡನೆ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ 2003ರಲ್ಲಿ ಸೌರದೀಪಗಳಿಗೆ ಅಗ್ಗದ ಬಡ್ಡಿಯ ಸಾಲವನ್ನು ಕೊಡತೊಡಗಿತು. ಸೀಮೆಎಣ್ಣೆಯ ಬುಡ್ಡಿಯ ಹೊಗೆಯಲ್ಲಿ ಕಣ್ಣುರಿಸಿಕೊಂಡು ಕೆಲಸಮಾಡುತ್ತಿದ್ದ ಮನೆಯು, ಒಮ್ಮೆಗೇ ತೆರಲಾಗದ ಬೆಲೆಯನ್ನು ಕಂತುಗಳಲ್ಲಿ ತೀರಿಸಿ, ಮಾಡಿನ ಮೇಲೊಂದು ಫಲಕವನ್ನು ಇಡುವಂತಾಯಿತು. ನಸುಕಿನಲ್ಲಿ ಮೊಗ್ಗು ಕಟ್ಟುವ ಬೆರಳುಗಳಿಗೆ ಬೇಕಾದುದೂ ಅಷ್ಟೇ ಬೆಳಕು.