ಮೆದುಳಿನ ಗಡ್ಡೆ: ಚಿಕಿತ್ಸೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಮೆದುಳಿನಲ್ಲಿ ಗಡ್ಡೆಯಿದೆ ಎಂದು ಗೊತ್ತಾದಾಗ ಮನೆಯವರ ಬಾಯಿಂದ ಬರುವ ಮೊದಲ ಮಾತು "ಕ್ಯಾನ್ಸರಾ?" ಎಂ.ಆರ್.ಐ. ಚಿತ್ರಗಳನ್ನು ಓದುವುದೇ ನನ್ನ ವೃತ್ತಿಯಾದ್ದರಿಂದ ರಾಚೆಸ್ಟರ್ ಹಿಲ್ಸ್ ಸುತ್ತಮುತ್ತಲಿನ ಕನ್ನಡ ಮನೆಗಳಿಂದ ಈ ಪ್ರಶ್ನೆ ನನಗೆ ಫೋನಿನಲ್ಲಿ ಬರುತ್ತಿರುತ್ತದೆ. ಒಂದೇ ಮಾತಿನ ಉತ್ತರ ಇದಕ್ಕಿಲ್ಲ. ಮೆದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ ಬಹುಪಾಲು ಸೌಮ್ಯ ಸ್ವಭಾವದ್ದು. ಚಿಕ್ಕದಾಗಿದ್ದು ತೊಂದರೆ ಕೊಡದಿದ್ದರೆ ಆಗಾಗ ಎಂ.ಆರ್.ಐ. ಮಾಡಿಸಿ ಗಮನಿಸುತ್ತಿದ್ದರೆ ಸಾಕು. ಶ್ವಾಸಕೋಶದಲ್ಲೋ ಸ್ತನದಲ್ಲೋ ಹುಟ್ಟಿ ಮೆದುಳಿಗೆ ಹರಡಿದ ಕ್ಯಾನ್ಸರಿನ ಲೆಕ್ಕವೇ ಬೇರೆ. ನರಕೋಶಗಳಿಗೆ ಆಸರೆಯಾದ ಗ್ಲಯಲ್ ಕೋಶಗಳನ್ನು ಹೋಲುವ ಗಡ್ಡೆಗಳು ಗ್ಲಯೋಮಾ. ಅವುಗಳಲ್ಲಿ ಅತಿ ಉಗ್ರವಾದದ್ದು ಗ್ಲಯೋಬ್ಲಾಸ್ಟೋಮಾ.

ತಲೆನೋವು ಬಂದವರೆಲ್ಲ ಹೆದರಬೇಕಿಲ್ಲ. ದೊಡ್ಡವರಿಗೆ ಜೀವನದಲ್ಲಿ ಮೊದಲ ಸಲ ಫಿಟ್ಸ್ ಬಂದರೆ, ಮಾತಿನ ಮಧ್ಯೆ ಪದಗಳು ಸಿಗದಾದರೆ, ಒಂದು ಕಡೆಯ ಕೈಕಾಲು ಸೋತರೆ ತಡಮಾಡಬಾರದು.

ಶಸ್ತ್ರಚಿಕಿತ್ಸೆಯ ಉದ್ದೇಶ ಎರಡು: ಗಡ್ಡೆಯನ್ನು ಸಾಧ್ಯವಾದಷ್ಟು ತೆಗೆಯುವುದು, ತೆಗೆದ ತುಣುಕಿನಿಂದ ಅದರ ಜಾತಿ ತಿಳಿಯುವುದು. ಗಡ್ಡೆ ಮಾತಿನ ಕೇಂದ್ರದ ಹತ್ತಿರವಿದ್ದರೆ ರೋಗಿಯನ್ನು ಎಚ್ಚರವಾಗಿಟ್ಟುಕೊಂಡೇ ಶಸ್ತ್ರಚಿಕಿತ್ಸೆ ಮಾಡುವ ಕ್ರಮವಿದೆ. ಮೆದುಳಿಗೆ ತನ್ನದೇ ನೋವಿನ ಅರಿವಿಲ್ಲ, ನೆತ್ತಿಯ ಚರ್ಮವನ್ನು ಮರಗಟ್ಟಿಸಿರುತ್ತಾರೆ. ಮೆದುಳಿನ ಮೇಲ್ಮೈಗೆ ಸಣ್ಣ ವಿದ್ಯುತ್ ತಾಗಿಸುತ್ತಾ ಚಿತ್ರಗಳನ್ನು ತೋರಿಸಿ ಹೆಸರು ಕೇಳುತ್ತಾರೆ. ರೋಗಿ ತಡವರಿಸಿದರೆ ಆ ಜಾಗವನ್ನು ಬಿಟ್ಟುಬಿಡುತ್ತಾರೆ.

ನಮ್ಮವರು ವಿಶೇಷವಾಗಿ ಯೋಚಿಸಬೇಕಾದದ್ದು ಇಲ್ಲಿಯೇ. ಎರಡು ಭಾಷೆ ಬಲ್ಲ ರೋಗಿಗಳಲ್ಲಿ ಓಜಮನ್ ಮತ್ತು ವಿಟೇಕರ್ ಹೀಗೆ ಪರೀಕ್ಷೆ ಮಾಡಿ 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಜಾಗಗಳಲ್ಲಿ ಎರಡೂ ಭಾಷೆ ನಿಂತುಹೋದವು, ಕೆಲವೆಡೆ ಒಂದು ಮಾತ್ರ. ಅಂದರೆ ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿದರೆ ಕನ್ನಡಕ್ಕೆ ಪೆಟ್ಟು ಬೀಳಬಹುದು. ಮೂವತ್ತು ವರ್ಷ ಡೆಟ್ರಾಯಿಟ್‌ನ ಆಟೋ ಕಂಪನಿಗಳಲ್ಲಿ ಇಂಗ್ಲಿಷಿನಲ್ಲೇ ದುಡಿದವರೂ ಲೆಕ್ಕ ಎಣಿಸುವುದು, ಹೆಂಡತಿಯ ಜೊತೆ ಜಗಳವಾಡುವುದು ಕನ್ನಡದಲ್ಲೇ ತಾನೆ? ಆಸ್ಪತ್ರೆಯ ದಾಖಲೆಯಲ್ಲಿ ಮಾತ್ರ ಭಾಷೆ ಇಂಗ್ಲಿಷ್ ಎಂದಿರುತ್ತದೆ. ಆದ್ದರಿಂದ ಕನ್ನಡದಲ್ಲೂ ಪರೀಕ್ಷಿಸುತ್ತೀರಾ ಎಂದು ಮೊದಲೇ ಬಾಯಿಬಿಟ್ಟು ಕೇಳಬೇಕು. ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳು, ಇಂಗ್ಲಿಷ್ ಸರಿಯಾಗಿ ಬಾರದ ರೋಗಿಗೆ ದುಭಾಷಿಯ ನೆರವನ್ನು ಉಚಿತವಾಗಿ ಒದಗಿಸಬೇಕು. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಇದು ತುಂಬ ಮುಖ್ಯ. ಚಿತ್ರಗಳ ಹೆಸರನ್ನು ಮನೆಯಲ್ಲಿ ಆಡುವಂತೆಯೇ ಬರೆದುಕೊಡಿ. ಒಬ್ಬರಿಗೆ ಕೊಡೆಯಾದದ್ದು ಇನ್ನೊಬ್ಬರಿಗೆ ಛತ್ರಿ. ಸರಿಯುತ್ತರವನ್ನು ತಪ್ಪೆಂದು ಎಣಿಸುವಂತಾಗಬಾರದು.

ಗ್ಲಯೋಬ್ಲಾಸ್ಟೋಮಾ ಎಂದು ಖಚಿತವಾದರೆ ಸಾಮಾನ್ಯ ಕ್ರಮವೆಂದರೆ ಆರು ವಾರ ವಿಕಿರಣ, ಅದರ ಜೊತೆಗೆ ಟೆಮೊಜೊಲೊಮೈಡ್ ಮಾತ್ರೆ, ಆಮೇಲೆ ಅದೇ ಮಾತ್ರೆ ತಿಂಗಳಿಗೆ ಐದು ದಿನದಂತೆ ಆರು ಸುತ್ತು. ಈ ಕ್ರಮಕ್ಕೆ ಆಧಾರ ಸ್ಟುಪ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ. 573 ರೋಗಿಗಳಲ್ಲಿ ಮಧ್ಯಮ ಆಯುಸ್ಸು 12.1 ತಿಂಗಳಿನಿಂದ 14.6ಕ್ಕೆ ಏರಿತು. ಇಷ್ಟೇನಾ ಎನಿಸುವುದು ಸಹಜ. ಆದರೆ ಎರಡು ವರ್ಷ ಬದುಕಿದ್ದವರ ಪ್ರಮಾಣ ಶೇಕಡ 10.4ರಿಂದ 26.5ಕ್ಕೆ ಏರಿತು ಎಂಬುದನ್ನೂ ನೋಡಬೇಕು. ಯಾರಿಗೆ ಮಾತ್ರೆ ಹೆಚ್ಚು ಹಿಡಿಯುತ್ತದೆ ಎಂಬುದಕ್ಕೆ ಎಂ.ಜಿ.ಎಂ.ಟಿ. ಪರೀಕ್ಷೆ ಸುಳಿವು ಕೊಡುತ್ತದೆ. ಮಾತ್ರೆ ಮಾಡಿದ ಹಾನಿಯನ್ನು ರಿಪೇರಿ ಮಾಡುವ ಜೀನ್ ಅದು. ಗಡ್ಡೆಯಲ್ಲಿ ಅದು ಮುಚ್ಚಿಹೋಗಿದ್ದರೆ ರೋಗಿಗೆ ಅನುಕೂಲ. ಐ.ಡಿ.ಎಚ್. ಎಂಬ ಇನ್ನೊಂದು ಪರೀಕ್ಷೆಯೂ ಬೇಕು. ಆ ಬದಲಾವಣೆಯಿರುವ ನಿಧಾನ ಜಾತಿಯ, ಎರಡನೇ ದರ್ಜೆಯ ಗ್ಲಯೋಮಾಗಳಿಗೆ ವೊರಾಸಿಡೆನಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2024ರಲ್ಲಿ ಅನುಮತಿ ಸಿಕ್ಕಿತು.

ನಮ್ಮಿಂದ ಸುಮಾರು ಒಂದು ಗಂಟೆಯ ಹಾದಿಯ ಆನ್ ಆರ್ಬರ್‌ನಲ್ಲೂ ಕೆಲಸ ನಡೆದಿದೆ. ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಆಗಿದ್ದ ಲಾಯ್ಡ್ ಕಾರ್ ಅವರ ಮೊಮ್ಮಗ ಚಾಡ್, ಮೆದುಳಿನ ಕಾಂಡದ ಗಡ್ಡೆಯಿಂದ 2015ರಲ್ಲಿ ಐದು ವರ್ಷಕ್ಕೇ ತೀರಿಕೊಂಡ. ಕತ್ತರಿಸಿ ತೆಗೆಯಲಾಗದ ಗಡ್ಡೆ ಅದು. ಅವನ ಹೆಸರಿನ ಕೇಂದ್ರ ಈಗ ಆ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿನ ಕಾರ್ಲ್ ಕೋಶ್‌ಮನ್, ಶ್ರೀರಾಮ್ ವೆನ್ನೆಟಿ ಮೊದಲಾದವರು ಅಧ್ಯಯನ ಮಾಡಿದ ಡೋರ್ಡಾವಿಪ್ರೋನ್ ಔಷಧಿಗೆ, ಎಚ್3 ಕೆ27ಎಂ ಬದಲಾವಣೆಯಿದ್ದು ಹಿಂದಿನ ಚಿಕಿತ್ಸೆಯ ನಂತರವೂ ಬೆಳೆದ ಮಧ್ಯರೇಖೆಯ ಗ್ಲಯೋಮಾಗಳಲ್ಲಿ ಬಳಸಲು 2025ರ ಆಗಸ್ಟ್‌ನಲ್ಲಿ ಅನುಮತಿ ದೊರೆಯಿತು. ಪರಿಗಣಿಸಿದ 50 ರೋಗಿಗಳಲ್ಲಿ ಶೇಕಡ 22 ಮಂದಿಯ ಗಡ್ಡೆ ಔಷಧಿಗೆ ಸ್ಪಂದಿಸಿತು. ಗುಣವಾಯಿತು ಎಂದಲ್ಲ.

ಆರು ತಿಂಗಳಿಗೆಂದು ಬಂದ ತಂದೆತಾಯಿಗೆ ಇಲ್ಲಿ ಗಡ್ಡೆ ಕಂಡರೆ ಕಷ್ಟ ದೊಡ್ಡದು. ಪ್ರವಾಸಿ ವಿಮೆ ಹಳೆಯ ಕಾಯಿಲೆ ಎಂದು ಕೈಬಿಡುವ ಸಾಧ್ಯತೆಯಿದೆ. ತುರ್ತು ಸ್ಥಿತಿಯಲ್ಲಿ ಮಾತ್ರ, ವಿಮೆ ಇಲ್ಲದಿದ್ದರೂ ರೋಗಿಯ ಸ್ಥಿತಿಯನ್ನು ಸ್ಥಿರಗೊಳಿಸುವುದು 1986ರ ಕಾನೂನಿನಂತೆ ಆಸ್ಪತ್ರೆಯ ಕರ್ತವ್ಯ. ಬಿಲ್ ಆಮೇಲೆ ಬಂದೇ ಬರುತ್ತದೆ. ಊತ ಇಳಿಸುವ ಡೆಕ್ಸಾಮೆಥಾಸೋನ್‌ನಿಂದ ಕೆಲವರು ಪ್ರಯಾಣ ಮಾಡುವಷ್ಟು ಸುಧಾರಿಸುತ್ತಾರೆ. ಹಾಗಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸುವುದು ಹಿಂಜರಿಯಬೇಕಾದ ಸಂಗತಿಯಲ್ಲ, ಎಷ್ಟೋ ಸಲ ಅದೇ ಜಾಣತನ. ಇಲ್ಲೇ ಶಸ್ತ್ರಚಿಕಿತ್ಸೆ ಆಗಿದ್ದರೆ ತಲೆಯೊಳಗೆ ಗಾಳಿ ಉಳಿದಿರಬಹುದು, ವೈದ್ಯರು ಒಪ್ಪುವ ತನಕ ವಿಮಾನ ಹತ್ತಿಸಬಾರದು. ಹೊರಡುವಾಗ ವರದಿಯ ಕಾಗದವೊಂದನ್ನೇ ಒಯ್ಯಬೇಡಿ. ಎಂ.ಆರ್.ಐ. ಚಿತ್ರಗಳಿರುವ ಸಿ.ಡಿ., ಬಯಾಪ್ಸಿ ಆಗಿದ್ದರೆ ಅದರ ಗಾಜಿನ ಸ್ಲೈಡುಗಳು ಮತ್ತು ಮೇಣದ ಬ್ಲಾಕ್ ಕೇಳಿ ಪಡೆಯಿರಿ, ಕೈಚೀಲದಲ್ಲೇ ಇಟ್ಟುಕೊಳ್ಳಿ.